ಹವಳಕ್ಕೆ ಸುಣ್ಣ ಬೇಕಲ್ಲವೇ?

ಪ್ರಶ್ನೆ: 200 ಲೀಟರಿನ ಉಪ್ಪುನೀರಿನ ತೊಟ್ಟಿ ಇಟ್ಟು 8 ತಿಂಗಳಾಯಿತು. ಒಂದು ಜೋಡಿ ಕ್ಲೌನ್ ಮೀನು, ನಾಲ್ಕು ಮಶ್ರೂಮ್ ಹವಳ, ಒಂದಿಷ್ಟು ಜೊಆಂಥಿಡ್ (ಇವೂ ಮೆತ್ತನೆಯ ಹವಳದ ಜಾತಿಯವು) ಇವೆ. ಫ್ಯಾನ್ ಹಚ್ಚಿದ್ದರಿಂದ ದಿನಕ್ಕೆ 4 ಲೀಟರ್ ಆರಿಹೋಗುತ್ತದೆ. ಹವಳಕ್ಕೆ ಸುಣ್ಣ ಬೇಕಲ್ಲ ಎಂದು ನಮ್ಮ ಬೋರ್ ನೀರನ್ನೇ ತುಂಬುತ್ತೇನೆ. ಅಂಗಡಿ ಮುಚ್ಚಿ ಬರುವುದು ರಾತ್ರಿ 9ಕ್ಕೆ; ನೋಡಲು ಸಿಗಲಿ ಎಂದು ಬೆಳಗ್ಗೆ 8ರಿಂದ ರಾತ್ರಿ 11ರವರೆಗೆ ಲೈಟ್ ಇರುತ್ತದೆ. ಈಗ ಮಶ್ರೂಮ್ ಮುದುಡಿವೆ, ಗಾಜಿಗೆಲ್ಲ ಪಾಚಿ, ಪಂಪ್ ಎರಡು ಸಲ ಜಾಮ್ ಆಯಿತು. ಕೆಎಚ್ (ನೀರಿನಲ್ಲಿರುವ ಕಾರ್ಬೊನೇಟಿನ ಅಳತೆ) 13 ತೋರಿಸುತ್ತದೆ.
— ಬಟ್ಟೆ ಅಂಗಡಿಯವರು, ಶಹಾಬಾದ

ಉತ್ತರ: ಅಲ್ರೀ ಸಾವ್ಕಾರ್ರೇ, ನಿಮ್ಮೂರಿನ ಹೆಸರೇ ಹಾಸುಗಲ್ಲಿಗೆ ಇದೆ, ಆ ಕಲ್ಲೇ ಸುಣ್ಣದ್ದು, ಬೋರ್ ನೀರಿಗೂ ಅದೇ ಸುಣ್ಣ ಇಳಿದಿರುತ್ತದೆ. ಪಂಪ್ ಬಿಚ್ಚಿದಾಗ ಒಳಗಿನ ಚಕ್ರಕ್ಕೆ ಬಿಳಿ ಹಕ್ಕಳೆ ಕಟ್ಟಿತ್ತಲ್ಲ? ನೀರು ಕಾಯಿಸುವ ಕಾಯಿಲ್ ಮೇಲೆ ಕೂರುವುದೂ ಅದೇ.

ಆರಿಹೋಗುವುದು ಬರೀ ನೀರು, ಅದರಲ್ಲಿದ್ದದ್ದೆಲ್ಲ ತೊಟ್ಟಿಯಲ್ಲೇ ಉಳಿಯುತ್ತದೆ. ದಿನಕ್ಕೆ 4 ಲೀಟರ್ ಎಂದರೆ 50 ದಿನಕ್ಕೆ 200. ಅಂದರೆ ಒಂದು ಪೂರ್ತಿ ತೊಟ್ಟಿ ಬೋರ್ ನೀರಿನ ಸುಣ್ಣ, ನೈಟ್ರೇಟ್ ಇದ್ದರೆ ಅದೂ, ಬಂದು ಸೇರಿದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 420 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ನೀವು ಕಲಸುವ ಉಪ್ಪಿನಲ್ಲೇ ಅಷ್ಟು ಬರುತ್ತದೆ. ಮೇಲಾಗಿ ಮಶ್ರೂಮ್, ಜೊಆಂಥಿಡ್ ಕಲ್ಲಿನ ಗೂಡು ಕಟ್ಟುವವಲ್ಲ, ಅವಕ್ಕೆ ಸುಣ್ಣದ ಹಸಿವಿಲ್ಲ. ಕಟ್ಟುವ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ. ಯಾರಾದರೂ ಅಗ್ಗಕ್ಕೆ ಕೊಡುತ್ತೇನೆಂದರೂ ಕೈ ಚಾಚಬೇಡಿ.

ಬೋರ್ ನೀರು ನಿಲ್ಲಿಸಿ, ಆರಿದಷ್ಟನ್ನು ಶುದ್ಧ ನೀರಿನಿಂದಲೇ ತುಂಬಿ. ಅಡುಗೆಮನೆಯ ಆರ್‌ಒ ನೀರು ಹಾಗೆಯೇ ಬೇಡ. ರುಚಿಗೆಂದು ಅದರಲ್ಲಿ ಬೋರ್ ನೀರನ್ನೇ ಒಂದಿಷ್ಟು ವಾಪಸ್ ಬೆರೆಸಿರುತ್ತಾರೆ. ಅದರ ಮೆಂಬ್ರೇನ್‌ನಿಂದ (ನೀರು ಸೋಸುವ ಪೊರೆ) ಹೊರಬರುವ ಪೈಪಿಗೇ ಒಂದು ಟೀ (ಮೂರು ಬಾಯಿಯ ಜೋಡಣೆ) ಹಾಕಿಸಿ, ಮುಂದೆ ಉಳಿದ ಲವಣ ಹಿಡಿದಿಡುವ ಡಿಐ ರೆಸಿನ್ ಜೋಡಿಸಿ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ 0 ಅಥವಾ 1 ಬರಬೇಕು. ಕೆಎಚ್ ಇಳಿಸಲು ಆಸಿಡ್ ಗೀಸಿಡ್ ಹಾಕಿ ಆಟ ಆಡಬೇಡಿ. ವಾರಕ್ಕೆ 20 ಲೀಟರ್ ತೆಗೆದು, ಈ ಶುದ್ಧ ನೀರಿನಲ್ಲಿ ಹೊಸದಾಗಿ ಕಲಸಿದ ಉಪ್ಪುನೀರು ಹಾಕುತ್ತ ಹೋಗಿ, 8–9ಕ್ಕೆ ತಾನೇ ಇಳಿಯುತ್ತದೆ. ಹವಳದ ತೊಟ್ಟಿಗೆಂದು ಮಾರುವ ಕೆಲವು ‘ರೀಫ್’ ಉಪ್ಪುಗಳಲ್ಲೇ ಕೆಎಚ್ 11–12 ಇರುತ್ತದೆ, ಡಬ್ಬಿ ಓದಿ 8ರ ಆಸುಪಾಸಿನದನ್ನೇ ತನ್ನಿ. ಫ್ಯಾನ್ ಮಾತ್ರ ನಿಲ್ಲಿಸಬೇಡಿ. ನಮ್ಮ ಕಡೆಯ ಬೇಸಿಗೆಯಲ್ಲಿ ನೀರು ತಣ್ಣಗಿರುವುದೇ ಆ 4 ಲೀಟರಿನಿಂದ.

ಇನ್ನು ಲೈಟು. 15 ತಾಸು ಅತಿಯಾಯಿತು. ಹವಳದ ಮೈಯೊಳಗಿನ ಪಾಚಿಗೆ ಒಂದು ಮಿತಿ ದಾಟಿದ ಬೆಳಕು ಉಪಯೋಗಕ್ಕಿಲ್ಲ, ಗಾಜಿನ ಮೇಲಿನ ಪಾಚಿಗೆ ಹಬ್ಬ. ತೊಟ್ಟಿಯ ಹಗಲು ಊರಿನ ಹಗಲೇ ಆಗಬೇಕೆಂದೇನೂ ಇಲ್ಲ. ಮಧ್ಯಾಹ್ನ 2ಕ್ಕೆ ಹಚ್ಚಿ, ರಾತ್ರಿ 11ಕ್ಕೆ ಆರಿಸಿ. ಮೊದಲ ತಾಸು, ಕೊನೆಯ ತಾಸು ನೀಲಿ ಬೆಳಕು ಮಾತ್ರ. ನೀವು ಊಟ ಮುಗಿಸಿ ಕೂತಾಗ ಅದು ತೊಟ್ಟಿಯ ಇಳಿಹೊತ್ತು.

ಟೈಮರ್ ಕೊಳ್ಳುವಾಗ ನನ್ನ ಹಾಗೆ ಮೋಸಹೋಗಬೇಡಿ. ನಾನು ತಂದದ್ದು ಡಯಲ್ ತಿರುಗುವಂಥದ್ದು. ಕರೆಂಟ್ ಹೋದಷ್ಟು ಹೊತ್ತು ಅದೂ ನಿಲ್ಲುತ್ತಿತ್ತು. ಒಂದು ಏಪ್ರಿಲ್‌ನಲ್ಲಿ ದಿನಾ 2 ತಾಸು ಕರೆಂಟ್ ಹೋಗಿ, ನಾಲ್ಕೇ ದಿನಕ್ಕೆ ಮಧ್ಯಾಹ್ನದ 2 ಗಂಟೆ ರಾತ್ರಿ 10 ಆಗಿತ್ತು. ಮನೆಮಂದಿ ಹಾಸಿಗೆ ಹಾಸುವ ಹೊತ್ತಿಗೆ ನಮ್ಮ ಪಡಸಾಲೆಯಲ್ಲಿ ಬೆಳಗಾಯಿತು. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರನ್ನೇ ಕೇಳಿ ತನ್ನಿ.