ಮಂಡಿ ಬದಲಾಯಿಸಿಕೊಂಡವರು ಎರಡು ಥರ ಮಾತಾಡುವುದು ಯಾಕೆ?

ನಿಮ್ಮ ಅಮ್ಮನಿಗೆ 67 ವರ್ಷ, ಮಂಡಿ ಸವೆದಿದೆ, ಬದಲಾಯಿಸಿ ಅಂತ ಡಾಕ್ಟರ್ ಹೇಳಿದ್ದಾರೆ. ಮಾಡಿಸಿಕೊಂಡವರಲ್ಲಿ ಒಬ್ಬರು ಹೊಸ ಕಾಲು ಬಂದ ಹಾಗಾಯ್ತು ಅಂತಾರೆ, ಇನ್ನೊಬ್ಬರು ಯಾಕಾದರೂ ಮಾಡಿಸಿದೆನೋ ಅಂತಾರೆ. ಯಾರನ್ನು ನಂಬಬೇಕು, ರೋಬೋಟ್ ಇರುವ ಕಡೆಯೇ ಮಾಡಿಸಬೇಕಾ ಅಂತ ಕೇಳಿದ್ದೀರಿ.

ಇಬ್ಬರನ್ನೂ ನಂಬಿ. ಒಂದೇ ವರ್ಷದೊಳಗೆ ನಾನೇ ಈ ಎರಡೂ ಮಾತು ಆಡಿದ್ದೇನೆ. ನನ್ನ ಬಲ ಮಂಡಿ ಬದಲಾಯಿಸಿ ಐದು ವರ್ಷ ಆಯಿತು. ನಾನು ಡಾಕ್ಟರಲ್ಲ, ಆಪರೇಷನ್ ಆದ ಮೇಲೆ ಹೆದರಿಕೊಂಡು ಸಿಕ್ಕಿದ್ದೆಲ್ಲ ಓದಿದವನು ಅಷ್ಟೇ.

ಎಲ್ಲರೂ ಮೊದಲು ಕೇಳುವುದು 'ಎಷ್ಟು ವರ್ಷ ಬಾಳಿಕೆ ಬರುತ್ತೆ' ಅಂತ. ನಾನೂ ಅದನ್ನೇ ಕೇಳಿದ್ದೆ. ಉತ್ತರ ಚೆನ್ನಾಗಿಯೇ ಇದೆ. 2019ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಹಲವು ದೇಶಗಳ ದಾಖಲೆ ಸೇರಿಸಿ ಲೆಕ್ಕ ಹಾಕಿದ್ದರು. ಪೂರ್ತಿ ಬದಲಾಯಿಸಿದ ಮಂಡಿಗಳಲ್ಲಿ 100ಕ್ಕೆ ಸುಮಾರು 82 ಮಂಡಿ 25 ವರ್ಷ ಆದರೂ ಹಾಗೇ ಇದ್ದವು. ಸೊಂಟದ ಕೀಲಿನಲ್ಲಿ ಅದು ಸುಮಾರು 58. ಆದರೆ ಒಂದು ವಿಷಯ ಗಮನಿಸಿ. ಈ ಲೆಕ್ಕದಲ್ಲಿ ಸೋತಿತು ಅಂದರೆ ಮತ್ತೆ ಆಪರೇಷನ್ ಮಾಡಿ ತೆಗೆಯಬೇಕಾಯ್ತು ಅಂತ. ಒಳಗೆ ಗಟ್ಟಿಯಾಗಿ ಕೂತಿದೆ, ಆದರೆ ದಿನಾ ನೋಯುತ್ತಿದೆ ಅನ್ನುವವರೂ ಇಲ್ಲಿ ಗೆದ್ದವರ ಸಾಲಿನಲ್ಲೇ ಇರುತ್ತಾರೆ. ನೀವು ಕೇಳಿದ ಎರಡು ಥರದ ಮಾತು ಹುಟ್ಟುವುದು ಇಲ್ಲೇ. ಮಂಡಿ ಬದಲಾಯಿಸಿಕೊಂಡವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಪೂರ್ತಿ ಸಮಾಧಾನ ಇರಲ್ಲ ಅಂತ ಎಷ್ಟೋ ಅಧ್ಯಯನಗಳು ಹೇಳಿವೆ. ಸೊಂಟ ಮಾಡಿಸಿದವರಲ್ಲಿ ಬೇಸರ ಕಡಿಮೆ. ಎಕ್ಸ್‌ರೇ ನೋಡಿದರೆ ಎಲ್ಲ ಚೆಂದ, ನಡೆಯುವವರಿಗೆ ಮಾತ್ರ ಕಷ್ಟ.

ಆ ಒಬ್ಬರು ಯಾರು ಅನ್ನುವುದು ಸ್ವಲ್ಪ ಮಟ್ಟಿಗೆ ಮೊದಲೇ ಊಹಿಸಬಹುದು. ಎಕ್ಸ್‌ರೇಯಲ್ಲಿ ಸವೆತ ಕಡಿಮೆ ಇದ್ದು ನೋವು ಜಾಸ್ತಿ ಇರುವವರು. ನೋವು ನಿಜವಾಗಿ ಸೊಂಟದ ಕೀಲಿನಿಂದಲೋ ಬೆನ್ನಿನ ನರದಿಂದಲೋ ಮಂಡಿಗೆ ಇಳಿಯುತ್ತಿರುವವರು (ಇದು ಅಪರೂಪವೇನಲ್ಲ, ಅಮ್ಮನ ಸೊಂಟವನ್ನೂ ಒಮ್ಮೆ ಪರೀಕ್ಷೆ ಮಾಡಿ ಅಂತ ಕೇಳಿ). ಮೈಯೆಲ್ಲ ನೋವು, ಖಿನ್ನತೆ ಇರುವವರು. ಆಮೇಲೆ ಇಪ್ಪತ್ತರ ವಯಸ್ಸಿನ ಮಂಡಿ ವಾಪಸ್ ಸಿಗುತ್ತೆ ಅಂತ ನಂಬಿ ಹೋಗುವವರು.

ಮಂಡಿ ಚಿಪ್ಪು ಬದಲಾವಣೆ ಅಂತ ನಾವು ಹೇಳುತ್ತೇವೆ, ಆದರೆ ಎಷ್ಟೋ ಸಲ ಚಿಪ್ಪು ಇದ್ದ ಹಾಗೇ ಇರುತ್ತೆ. ತೊಡೆ ಮೂಳೆಯ ಕೆಳತುದಿ, ಕಾಲಿನ ಮೂಳೆಯ ಮೇಲ್ತುದಿ ಎರಡನ್ನೂ ತೆಳುವಾಗಿ ಕೊಯ್ದು, ಹಲ್ಲಿಗೆ ಕ್ಯಾಪ್ ಹಾಕುವ ಹಾಗೆ ಲೋಹದ ಹೊದಿಕೆ ಹಾಕಿ, ಮಧ್ಯೆ ಗಟ್ಟಿ ಪ್ಲಾಸ್ಟಿಕ್ ಇಡುತ್ತಾರೆ. ಸುತ್ತಲಿನ ಮಾಂಸಖಂಡ, ನರ, ಚರ್ಮ ಎಲ್ಲ ಹಳೆಯದೇ. ಅದಕ್ಕೇ ಆಪರೇಷನ್ ಆದ ಮೇಲಿನ ಆರೆಂಟು ವಾರ ಅಷ್ಟು ಮುಖ್ಯ.

ನಾನು ಕೆಟ್ಟಿದ್ದು ಅಲ್ಲೇ. ಮೂರನೇ ದಿನ ಮನೆಗೆ ಕಳಿಸಿದರು, ಕೈಗೊಂದು ವ್ಯಾಯಾಮದ ಹಾಳೆ ಕೊಟ್ಟರು, ಕೂರಿಸಿಕೊಂಡು ವಿವರಿಸಿದವರು ಯಾರೂ ಇಲ್ಲ. ಮಂಡಿ ಕೆಳಗೆ ದಿಂಬು ಇಟ್ಟುಕೊಂಡರೆ ಹಾಯಾಗಿರುತ್ತಿತ್ತು, ಹಾಗೇ ಮಲಗಿದೆ, ಮಡಿಚಿದರೆ ಜೀವ ಹೋದ ಹಾಗಾಗುತ್ತಿತ್ತು, ನಾಳೆ ಮಾಡೋಣ ಅಂತ ಬಿಟ್ಟೆ. ಎಂಟನೇ ವಾರ ಅಳತೆ ಮಾಡಿದರೆ ಮಂಡಿ ಮಡಿಚುತ್ತಿದ್ದದ್ದು 70 ಡಿಗ್ರಿ. ಸಮತಟ್ಟಾದ ನೆಲದಲ್ಲಿ ನಡೆಯಲು ಅಷ್ಟು ಸಾಕು. ಮೆಟ್ಟಿಲು ಹತ್ತಿ ಇಳಿಯಲು 90ರ ಹತ್ತಿರ ಬೇಕು, ತಗ್ಗಿನ ಕುರ್ಚಿಯಿಂದ ಏಳಲು ಇನ್ನೂ ಜಾಸ್ತಿ. ದಿಂಬಿನಿಂದಾಗಿ ಕಾಲು ಪೂರ್ತಿ ನೆಟ್ಟಗೂ ಆಗುತ್ತಿರಲಿಲ್ಲ, ಕುಂಟುತ್ತಿದ್ದೆ. ಒಳಗೆ ಗಾಯದ ಅಂಗಾಂಶ ಬೆಳೆದು ಬಿಗಿದುಕೊಂಡಿತ್ತು. ಕೊನೆಗೆ ಅರಿವಳಿಕೆ ಕೊಟ್ಟು, ಮತ್ತೆ ಕೊಯ್ಯದೆ, ಬಲವಂತವಾಗಿ ಮಡಿಚಿ ಬಿಡಿಸಿದರು. ಇದು ಮೊದಲ ಮೂರು ತಿಂಗಳೊಳಗೆ ಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತೆ, ತಡವಾದಷ್ಟೂ ಕಷ್ಟ. ಆಮೇಲೆ ಅಳುತ್ತಲೇ ವ್ಯಾಯಾಮ ಮಾಡಿದೆ, 110ಕ್ಕೆ ಬಂತು. ಹಾಗಂತ ಬಿಗಿತ ಬಂದವರೆಲ್ಲ ಸೋಮಾರಿಗಳು ಅಂತಲ್ಲ, ಶ್ರದ್ಧೆಯಿಂದ ಮಾಡಿದವರಿಗೂ ಬರುತ್ತೆ. ನನ್ನ ವಿಷಯದಲ್ಲಿ ಮಾತ್ರ ತಪ್ಪು ನನ್ನದೂ ಇತ್ತು.

ನೋವಿನ ಮಾತ್ರೆ ಬಗ್ಗೆ ಒಂದು ಮಾತು. ಮಾತ್ರೆ ಒಳ್ಳೆಯದಲ್ಲ ಅಂತ ತಡೆದುಕೊಳ್ಳುವ ಹಿರಿಯರು ಜಾಸ್ತಿ. ವ್ಯಾಯಾಮಕ್ಕೆ ಮುಂಚೆ ಡಾಕ್ಟರ್ ಬರೆದುಕೊಟ್ಟ ಮಾತ್ರೆ ತೆಗೆದುಕೊಂಡರೆ ಮಂಡಿ ಮಡಿಚಲು ಆಗುತ್ತೆ. ತಡೆದುಕೊಂಡರೆ ಮಡಿಚುವುದೇ ಇಲ್ಲ.

ಇನ್ನು ನಿಜವಾಗಿ ಹೆದರಬೇಕಾದದ್ದು ಇನ್ಫೆಕ್ಷನ್. 100ರಲ್ಲಿ ಒಬ್ಬಿಬ್ಬರಿಗೆ ಆಗುತ್ತೆ, ಆದರೆ ಆದವರಿಗೆ ದೊಡ್ಡ ಪಾಡು. ಬ್ಯಾಕ್ಟೀರಿಯಾ ಲೋಹಕ್ಕೆ ಅಂಟಿಕೊಂಡು ಮೇಲೊಂದು ಲೋಳೆ ಪದರ ಕಟ್ಟಿಕೊಳ್ಳುತ್ತೆ, ಆಂಟಿಬಯೋಟಿಕ್ ಒಳಗೆ ಸರಿಯಾಗಿ ತಲುಪುವುದಿಲ್ಲ. ಬೇಗ ಗೊತ್ತಾದರೆ ಮಂಡಿ ತೆರೆದು ತೊಳೆದು, ಮಧ್ಯದ ಪ್ಲಾಸ್ಟಿಕ್ ಮಾತ್ರ ಬದಲಾಯಿಸಿ ಉಳಿಸಿಕೊಳ್ಳುವ ಸಾಧ್ಯತೆ ಇದೆ. ತಡವಾದರೆ ಎಷ್ಟೋ ಸಲ ಹಾಕಿದ್ದೆಲ್ಲ ತೆಗೆದು, ಔಷಧಿ ಬೆರೆಸಿದ ಸಿಮೆಂಟ್ ತುಂಬಿ, ವಾರಗಟ್ಟಲೆ ಕಾದು, ಮತ್ತೊಂದು ಆಪರೇಷನ್ನಿನಲ್ಲಿ ಹೊಸದು ಹಾಕುತ್ತಾರೆ. ಹೊಲಿಗೆಯಿಂದ ನೀರು ಜಿನುಗುವುದು ನಿಲ್ಲದಿದ್ದರೆ, ಕೀವು ಬಂದರೆ, ಚಳಿ ಜ್ವರ ಬಂದರೆ, ಕಡಿಮೆಯಾಗುತ್ತಿದ್ದ ನೋವು ಇದ್ದಕ್ಕಿದ್ದ ಹಾಗೆ ಏರಿದರೆ ಆಪರೇಷನ್ ಮಾಡಿದವರ ಹತ್ತಿರವೇ ಅವತ್ತೇ ಹೋಗಿ. ಮೆಡಿಕಲ್ ಶಾಪಿನಿಂದ ಆಂಟಿಬಯೋಟಿಕ್ ತಂದು ನುಂಗಿಸಬೇಡಿ. ಆಮೇಲೆ ಮಂಡಿಯ ನೀರು ತೆಗೆದು ಪರೀಕ್ಷಿಸಿದರೂ ಯಾವ ಬ್ಯಾಕ್ಟೀರಿಯಾ ಅಂತ ಸಿಗದೇ ಹೋಗಬಹುದು. ವರ್ಷಗಳು ಕಳೆದ ಮೇಲೂ ಕಾಲಿನ ಹುಣ್ಣು ಥರದ ಕಡೆಯಿಂದ ರಕ್ತದ ಮೂಲಕ ಸೋಂಕು ಬರಬಹುದು. ಅಮ್ಮನಿಗೆ ಸಕ್ಕರೆ ಕಾಯಿಲೆ ಇದ್ದರೆ ಮೊದಲು ಅದು ಹತೋಟಿಗೆ ಬರಲಿ, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 8ಕ್ಕಿಂತ ಮೇಲಿದ್ದರೆ ಎಷ್ಟೋ ಸರ್ಜನ್‌ಗಳು ಆಪರೇಷನ್ ಮುಂದಕ್ಕೆ ಹಾಕುತ್ತಾರೆ. ಹಲ್ಲು ಹುಳುಕಿದ್ದರೆ ಅದನ್ನೂ ಮೊದಲೇ ಮುಗಿಸಿಕೊಳ್ಳಿ.

ಎರಡನೆಯದು ರಕ್ತ ಹೆಪ್ಪುಗಟ್ಟುವುದು. ಅದೇ ದಿನ ಅಥವಾ ಮಾರನೇ ದಿನವೇ ವಾಕರ್ ಕೊಟ್ಟು ನಡೆಸುವುದಕ್ಕೆ, ರಕ್ತ ತೆಳುವಾಗಿಸುವ ಔಷಧಿ ಕೊಡುವುದಕ್ಕೆ ಇದೂ ಒಂದು ಕಾರಣ. ಮೀನಖಂಡ ಬಿಗಿದು ಊದಿಕೊಂಡರೆ ತೋರಿಸಿ. ಏಕಾಏಕಿ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಕಾಯಲೇಬೇಡಿ, ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ.

ಸುಮ್ನೆ ಹೆದರಿಸುವ ವಿಷಯಗಳೂ ಇವೆ. ಮಂಡಿ ತಿಂಗಳುಗಟ್ಟಲೆ ಬಿಸಿಯಾಗಿರುತ್ತೆ. ನಡೆದರೆ ಟಕ್ ಟಕ್ ಸದ್ದು ಬರುತ್ತೆ, ಲೋಹ ಪ್ಲಾಸ್ಟಿಕ್ಕಿಗೆ ತಾಗುವ ಸದ್ದು ಅದು. ಗಾಯದ ಹೊರಬದಿಯಲ್ಲಿ ಚರ್ಮ ಜೋಮು ಹಿಡಿದ ಹಾಗಿರುತ್ತೆ, ಕೊಯ್ಯುವಾಗ ಸಣ್ಣ ನರ ತುಂಡಾಗುವುದರಿಂದ. ನನಗೆ ಈಗಲೂ ಅಂಗೈಯಗಲ ಜಾಗ ಹಾಗೇ ಇದೆ. ರಾತ್ರಿ ನಿದ್ದೆ ಬಾರದೆ ಒದ್ದಾಡಿದ್ದನ್ನು ಮಾತ್ರ ಯಾರೂ ಮೊದಲೇ ಹೇಳಿರಲಿಲ್ಲ.

ರೋಬೋಟ್ ವಿಷಯ. ಅದರ ಸಹಾಯದಿಂದ ಸರ್ಜನ್ ಮೂಳೆ ಕೊಯ್ಯುವ ಅಳತೆ ಇನ್ನಷ್ಟು ನಿಖರವಾಗುತ್ತೆ, ನಿಜ. ಆದರೆ ಅದರಿಂದ ವರ್ಷಗಳ ನಂತರ ನೋವು ಕಡಿಮೆ ಅಂತ ಖಚಿತವಾಗಿ ಸಾಬೀತಾಗಿಲ್ಲ. ಹೊಸದು ಅಂದ ತಕ್ಷಣ ಒಳ್ಳೆಯದು ಅಂತಲೂ ಅಲ್ಲ ಅಲ್ವಾ. ಇಂಗ್ಲೆಂಡಿನ ಸರ್ಜನ್ ಜಾನ್ ಚಾರ್ನ್ಲಿ ಸೊಂಟದ ಕೀಲಿಗೆ ಮೊದಲು ಟೆಫ್ಲಾನ್ ಹಾಕಿದ್ದರು, ಕೆಲವೇ ವರ್ಷಗಳಲ್ಲಿ ಅದು ಸವೆದು ಹೋಯಿತು, 1962ರಲ್ಲಿ ಗಟ್ಟಿ ಪಾಲಿಥೀನಿಗೆ ಬದಲಾಯಿಸಿದ ಮೇಲೆ ಕೀಲು ಬಾಳಿಕೆ ಬಂತು. ಲೋಹಕ್ಕೆ ಲೋಹವೇ ಉಜ್ಜುವ ಸೊಂಟದ ಕೀಲುಗಳನ್ನು ಬಾಳಿಕೆ ಜಾಸ್ತಿ ಅಂತ ಮಾರಿದರು. ಅಂಥದ್ದರಲ್ಲಿ ಒಂದಾದ ಡಿಪ್ಯೂ ಕಂಪನಿಯ ಎಎಸ್‌ಆರ್ ಅನ್ನು 2010ರಲ್ಲಿ ಜಗತ್ತಿನಾದ್ಯಂತ ವಾಪಸ್ ಪಡೆಯಬೇಕಾಯಿತು. ಯಂತ್ರ ಯಾವುದು ಅಂತ ಕೇಳುವುದಕ್ಕಿಂತ 'ನೀವು ವರ್ಷಕ್ಕೆ ಎಷ್ಟು ಮಂಡಿ ಮಾಡುತ್ತೀರಿ, ತೊಂದರೆಯಾದರೆ ಮತ್ತೆ ಮಾಡುವವರು ಯಾರು' ಅಂತ ಸರ್ಜನ್ನನ್ನೇ ಕೇಳಿ. ಸಿಟ್ಟು ಮಾಡಿಕೊಂಡರೆ ಬೇರೆಯವರನ್ನು ನೋಡಿ.

ಅಮ್ಮನನ್ನೂ ಒಂದು ಪ್ರಶ್ನೆ ಕೇಳಿ: ಮಂಡಿ ಸರಿಯಾದರೆ ಏನು ಮಾಡಬೇಕು ಅಂತಿದ್ದೀಯ? ನೋವಿಲ್ಲದೆ ನಡೆಯಬೇಕು, ರಾತ್ರಿ ಮಲಗಬೇಕು ಅಂದರೆ ಈ ಆಪರೇಷನ್ ಅದನ್ನು ಬಹಳಷ್ಟು ಜನಕ್ಕೆ ಕೊಡುತ್ತೆ. ಮಂಡಿಯೂರಿ ಕೂರಬೇಕು, ಕುಕ್ಕರಗಾಲಲ್ಲಿ ಕೂರಬೇಕು ಅಂದರೆ ಈಗಲೇ ಆ ಆಸೆ ಇಳಿಸಿ. ದಿನ ಗೊತ್ತಾಗುವ ಮೊದಲೇ ತೊಡೆಯ ವ್ಯಾಯಾಮ ಶುರು ಮಾಡಿಸಿ, ಫಿಸಿಯೋಥೆರಪಿಯವರನ್ನೂ ಈಗಲೇ ಗೊತ್ತು ಮಾಡಿಕೊಳ್ಳಿ.

ನನ್ನ ಎಡ ಮಂಡಿಯೂ ಸವೆಯುತ್ತಿದೆ. ಇನ್ನೂ ದಿನ ಗೊತ್ತು ಮಾಡಿಲ್ಲ, ಮಾಡಿಸುವುದಂತೂ ಹೌದು. ಆ ದಿಂಬನ್ನು ಮಾತ್ರ ಈಗಲೇ ಎತ್ತಿ ಅಟ್ಟಕ್ಕೆ ಹಾಕಿದ್ದೇನೆ.