ಪಾರ್ಕಿನ್ಸನ್ ಕಾಯಿಲೆಯಲ್ಲಿ ಮರೆವು: ಡೋಪಮೈನ್ ಹೆಚ್ಚಿಸಿದರೆ ಸಾಕೇ?

ಪ್ರಶ್ನೆ: ನನ್ನ ತಂದೆಗೆ 68 ವರ್ಷ. ಆರು ವರ್ಷಗಳಿಂದ ಪಾರ್ಕಿನ್ಸನ್ ಕಾಯಿಲೆಯಿದ್ದು, ಮೆದುಳಿನಲ್ಲಿ ಡೋಪಮೈನ್ ಆಗಿ ಮಾರ್ಪಡುವ ಲೆವೊಡೋಪಾ ಮಾತ್ರೆಯ ಜೊತೆಗೆ ಕೈನಡುಕಕ್ಕೆಂದು ಟ್ರೈಹೆಕ್ಸಿಫೆನಿಡಿಲ್ ಕೂಡ ತೆಗೆದುಕೊಳ್ಳುತ್ತಾರೆ. ಹಳೆಯ ಸಂಗತಿಗಳೆಲ್ಲ ಚೆನ್ನಾಗಿ ನೆನಪಿವೆ. ಆದರೆ ಪಕ್ಕದ ಕೋಣೆಗೆ ಹೋಗುವಷ್ಟರಲ್ಲಿ ಏನು ತರಲು ಬಂದೆನೆಂಬುದು ಮರೆತಿರುತ್ತದೆ. ಫೋನ್ ನಂಬರ್ ಹೇಳಿದರೆ ಅರ್ಧದಲ್ಲೇ ತಪ್ಪುತ್ತಾರೆ. ಇದು ಆಲ್ಝೈಮರ್ ಕಾಯಿಲೆಯ ಆರಂಭವೇ? ಡೋಪಮೈನ್ ಕೊರತೆಯೇ ಕಾರಣವಾದರೆ ಲೆವೊಡೋಪಾ ಹೆಚ್ಚಿಸಬಹುದೇ?

ಉತ್ತರ: ನೀವು ಬರೆದಿರುವುದನ್ನು ನೋಡಿದರೆ, ನಿಮ್ಮ ತಂದೆಯವರಲ್ಲಿ ಸಡಿಲವಾಗಿರುವುದು ಕೈಗೆತ್ತಿಕೊಂಡ ಕೆಲಸ ಮುಗಿಯುವವರೆಗೆ ಅದಕ್ಕೆ ಬೇಕಾದ ವಿಷಯವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ. ಇದನ್ನು ಕಾರ್ಯಸ್ಮೃತಿ, ಅಂದರೆ ವರ್ಕಿಂಗ್ ಮೆಮೊರಿ ಎನ್ನುತ್ತೇವೆ. ಆರೋಗ್ಯವಂತರಲ್ಲಿಯೂ ಇದರಲ್ಲಿ ಒಮ್ಮೆಗೆ ಸುಮಾರು ನಾಲ್ಕು ಸಂಗತಿಗಳಷ್ಟೇ ಹಿಡಿಯುತ್ತವೆ. ಆಲ್ಝೈಮರ್‌ನ ಆರಂಭದಲ್ಲಿ ಹೊಸ ಘಟನೆ ಸಾಮಾನ್ಯವಾಗಿ ಮೆದುಳಿನಲ್ಲಿ ದಾಖಲಾಗುವುದೇ ಇಲ್ಲವಾದ್ದರಿಂದ, ಸುಳಿವು ಕೊಟ್ಟರೂ ಅದು ನೆನಪಾಗುವುದು ಕಷ್ಟ. ಪಾರ್ಕಿನ್ಸನ್‌ನಲ್ಲಿ ಸಣ್ಣದೊಂದು ಸುಳಿವಿಗೆ ಮರೆತದ್ದು ಅನೇಕ ವೇಳೆ ಮರಳುತ್ತದೆ. ಈ ವ್ಯತ್ಯಾಸವನ್ನು ನೀವು ಮನೆಯಲ್ಲಿಯೇ ಗಮನಿಸಬಹುದು, ಆದರೆ ರೋಗನಿರ್ಣಯಕ್ಕೆ ಅದಷ್ಟೇ ಸಾಲದು.

ಕಾರ್ಯಸ್ಮೃತಿಗೆ ಮುಖ್ಯ ಆಧಾರ ಹಣೆಯ ಹಿಂದಿರುವ ಪ್ರಿಫ್ರಂಟಲ್ ಕಾರ್ಟೆಕ್ಸ್. ನೋಡಿದ ವಸ್ತು ಕಣ್ಮರೆಯಾದ ಮೇಲೂ ಇಲ್ಲಿನ ಕೆಲವು ನರಕೋಶಗಳು ಮಿಡಿಯುತ್ತಲೇ ಇರುತ್ತವೆ ಎಂಬುದು 1971ರಲ್ಲಿ ಮಂಗಗಳ ಮೇಲಿನ ಅಧ್ಯಯನಗಳಿಂದ ತಿಳಿಯಿತು. ಆ ಮಿಡಿತಕ್ಕೆ ಡೋಪಮೈನ್ ಎಂಬ ನರವಾಹಕ (ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ) ಎಷ್ಟು ಅಗತ್ಯವೆಂದರೆ, 1979ರ ಒಂದು ಪ್ರಯೋಗದಲ್ಲಿ ಈ ಭಾಗದ ಡೋಪಮೈನನ್ನು ಮಾತ್ರ ಬರಿದು ಮಾಡಿದಾಗ, ಆ ಭಾಗವನ್ನೇ ಕತ್ತರಿಸಿ ತೆಗೆದಾಗ ಆಗುವಷ್ಟೇ ಹಾನಿ ಮಂಗಗಳ ಕಾರ್ಯಸ್ಮೃತಿಗೆ ಆಯಿತು.

ಹಾಗೆಂದು ಡೋಪಮೈನ್ ಹೆಚ್ಚಿದಷ್ಟೂ ನೆನಪು ಚುರುಕಾಗುವುದಿಲ್ಲ. ಅದು ಕಡಿಮೆಯಾದರೆ ಹಿಡಿದ ವಿಷಯ ಜಾರಿಹೋಗುತ್ತದೆ, ಮಿತಿಮೀರಿದರೂ ಅದೇ ಕೋಶಗಳ ಮಿಡಿತ ಕುಗ್ಗುತ್ತದೆ. ಪಾರ್ಕಿನ್ಸನ್‌ನಲ್ಲಿ ಡೋಪಮೈನಿನ ನಷ್ಟ ಮೆದುಳಿನ ಎಲ್ಲೆಡೆ ಸಮನಾಗಿರದಿರುವುದು ಇನ್ನೊಂದು ತೊಡಕು. ಚಲನೆಯನ್ನು ನಿಯಂತ್ರಿಸುವ ಪುಟಮೆನ್ ಎಂಬ ಭಾಗದಲ್ಲಿ ಡೋಪಮೈನ್ ಮೊದಲು ಮತ್ತು ಹೆಚ್ಚಾಗಿ ಬತ್ತುತ್ತದೆ, ಪ್ರತಿಫಲದಿಂದ ಕಲಿಯಲು ನೆರವಾಗುವ ಭಾಗಗಳಲ್ಲಿ ಆರಂಭದ ವರ್ಷಗಳಲ್ಲಿ ಅದು ಸಾಕಷ್ಟು ಉಳಿದಿರುತ್ತದೆ. ಕೈಕಾಲುಗಳಿಗೆ ಸರಿಹೊಂದುವ ಪ್ರಮಾಣವೇ ಈ ಭಾಗಗಳಿಗೆ ಅತಿಯಾಗಬಹುದು ಎಂಬ ವಿಚಾರವನ್ನು ಲಂಡನ್ನಿನ ಸಂಶೋಧಕರು 1988ರಲ್ಲಿ ಮಂಡಿಸಿದರು. ಲೆವೊಡೋಪಾದಿಂದ ಕಾರ್ಯಸ್ಮೃತಿ ಸ್ವಲ್ಪ ಸುಧಾರಿಸಿದ ರೋಗಿಯಲ್ಲೇ, ಬದಲಾದ ಪರಿಸ್ಥಿತಿಗೆ ತಕ್ಕಂತೆ ಆಯ್ಕೆ ಬದಲಿಸಿಕೊಳ್ಳುವ ಶಕ್ತಿ ಕುಂದುವುದನ್ನು ನಂತರದ ಅಧ್ಯಯನಗಳೂ ಕಂಡಿವೆ. ಆದ್ದರಿಂದ ಮರೆವೊಂದನ್ನೇ ಮುಂದಿಟ್ಟುಕೊಂಡು ಲೆವೊಡೋಪಾ ಹೆಚ್ಚಿಸಬೇಡಿ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಕಳವಳ ತಂದದ್ದು ಆ ಇನ್ನೊಂದು ಮಾತ್ರೆ. ಗಮನ ಮತ್ತು ನೆನಪಿಗೆ ಅಸಿಟೈಲ್‌ಕೋಲಿನ್ ಎಂಬ ನರವಾಹಕ ಡೋಪಮೈನಿನಷ್ಟೇ ಅಗತ್ಯ. ಮೆದುಳಿನ ಬುಡಭಾಗದಲ್ಲಿದ್ದುಕೊಂಡು ಅದನ್ನು ಪೂರೈಸುವ ಕೋಶಗಳು ಆಲ್ಝೈಮರ್‌ನಲ್ಲಿ ನಶಿಸುವುದು ಎಲ್ಲರಿಗೂ ತಿಳಿದದ್ದೇ. ಪಾರ್ಕಿನ್ಸನ್‌ನಲ್ಲಿಯೂ, ವಿಶೇಷವಾಗಿ ಬುದ್ಧಿಶಕ್ತಿ ಕುಂದುತ್ತಿರುವವರಲ್ಲಿ, ಅವು ನಶಿಸುತ್ತವೆ. ಟ್ರೈಹೆಕ್ಸಿಫೆನಿಡಿಲ್ ನಡುಕವನ್ನು ತಗ್ಗಿಸುವುದು ಅಸಿಟೈಲ್‌ಕೋಲಿನ್‌ನ ಕೆಲಸವನ್ನು ತಡೆದೇ. ಹೀಗಾಗಿ ಮೊದಲೇ ಕೊರತೆಯಿರುವ ಕಡೆ ಇದ್ದುದಕ್ಕೂ ಅದು ಅಡ್ಡಬರುತ್ತದೆ. ವಯಸ್ಸಾದವರಲ್ಲಿ, ಅದರಲ್ಲೂ ಮರೆವಿನ ದೂರು ಇರುವವರಲ್ಲಿ, ಈ ಔಷಧವನ್ನು ಆದಷ್ಟು ತಪ್ಪಿಸುವುದು ಇದೇ ಕಾರಣಕ್ಕೆ. ಆದರೆ ದಯವಿಟ್ಟು ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ: ನಡುಕ ಮತ್ತು ಬಿಗಿತ ಉಲ್ಬಣಿಸಬಹುದು, ಗೊಂದಲವೂ ಉಂಟಾಗಬಹುದು. ವೈದ್ಯರು ಅದನ್ನು ಹಂತಹಂತವಾಗಿ ಇಳಿಸಬೇಕು. ಮೂತ್ರದ ಅವಸರಕ್ಕೆ ಕೊಡುವ ಆಕ್ಸಿಬ್ಯುಟಿನಿನ್, ನೋವಿಗೋ ನಿದ್ದೆಗೋ ಬರೆದ ಅಮಿಟ್ರಿಪ್ಟಿಲಿನ್, ಶೀತ ಮತ್ತು ಅಲರ್ಜಿಯ ಕೆಲವು ಹಳೆಯ ಮಾತ್ರೆಗಳು ಕೂಡ ಇದೇ ರೀತಿ ಅಸಿಟೈಲ್‌ಕೋಲಿನ್ ತಡೆಯುವುದರಿಂದ, ಅವರು ಸೇವಿಸುವ ಎಲ್ಲ ಔಷಧಗಳನ್ನೂ ವೈದ್ಯರಿಗೆ ತೋರಿಸಿ.

ನಾರ್‌ಅಡ್ರಿನಲಿನ್ ಎಂಬ ಮತ್ತೊಂದು ನರವಾಹಕವನ್ನು ತಯಾರಿಸುವ ಕೋಶಗಳೂ ಈ ಎರಡು ಕಾಯಿಲೆಗಳಲ್ಲಿ ಬೇಗ ಹಾನಿಗೊಳ್ಳುತ್ತವೆ; ಎಚ್ಚರ ಮತ್ತು ಏಕಾಗ್ರತೆ ಕುಂದುವುದರಲ್ಲಿ ಅದರ ಪಾಲೂ ಇದೆ.

ವೈದ್ಯರನ್ನು ಕಾಣುವ ಮುನ್ನ ಒಂದು ವಾರ, ಮಾತ್ರೆ ತೆಗೆದುಕೊಂಡ ಹೊತ್ತನ್ನೂ ಮರೆವು ಹೆಚ್ಚು ಕಂಡ ಹೊತ್ತನ್ನೂ ಬರೆದಿಡಿ. ಮಾತ್ರೆಯ ಪರಿಣಾಮ ಇಳಿಯುವಾಗ ಮರೆವು ಹೆಚ್ಚುತ್ತಿದ್ದರೆ ಪ್ರಮಾಣದ ಬದಲು ಸಮಯವನ್ನು ಹೊಂದಿಸಿದರೂ ನೆರವಾಗಬಹುದು. ಖಿನ್ನತೆ, ನಿದ್ದೆಯ ತೊಂದರೆ, ಬಿ12 ಮತ್ತು ಥೈರಾಯ್ಡ್ ಕೊರತೆಗಳನ್ನೂ ಪರೀಕ್ಷಿಸಲು ಕೇಳಿ. ಮುಂದೆ ಡಿಮೆನ್ಶಿಯಾ, ಅಂದರೆ ದಿನನಿತ್ಯದ ಬದುಕಿಗೆ ಅಡ್ಡಿಯಾಗುವಷ್ಟು ಬುದ್ಧಿಶಕ್ತಿ ಕುಂದುವುದು, ಖಚಿತವಾದರೆ, ಅಸಿಟೈಲ್‌ಕೋಲಿನ್ ಉಳಿಸಿಕೊಡುವ ರಿವಾಸ್ಟಿಗ್ಮಿನ್ ಎಂಬ ಔಷಧವಿದೆ. ಟ್ರೈಹೆಕ್ಸಿಫೆನಿಡಿಲ್ ಮುಂದುವರಿಸುತ್ತಲೇ ಅದನ್ನು ಕೊಟ್ಟರೆ ಒಂದು ಕಟ್ಟಿದ್ದನ್ನು ಇನ್ನೊಂದು ಕೆಡವಿದಂತಾಗುತ್ತದೆ. ಮರೆವು ನಿಧಾನವಾಗಿ ಹೆಚ್ಚುವ ಬದಲು ಒಂದೆರಡು ದಿನಗಳಲ್ಲೇ ಗೊಂದಲ, ತೂಕಡಿಕೆ ಅಥವಾ ಭ್ರಮೆ ಕಾಣಿಸಿಕೊಂಡರೆ ಸೋಂಕು ಅಥವಾ ಔಷಧದ ದುಷ್ಪರಿಣಾಮ ಇರಬಹುದಾದ್ದರಿಂದ, ನಿಗದಿಯಾದ ಭೇಟಿಗೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.