ಅಂಗಳದಲ್ಲಿ ಸಾಬೂನು: ಓದುಗರ ಪ್ರಶ್ನೆ, ಟೀಚರ್ ಉತ್ತರ

ಡಿಸೆಂಬರಿನ ಒಂದು ಭಾನುವಾರ ನಮ್ಮ ಮನೆಯ 11 ಮಂದಿ ವ್ಯಾನು ಮಾಡಿಕೊಂಡು ತಿಪಟೂರಿನ ಹತ್ತಿರವಿರುವ ನನ್ನ ಅಕ್ಕನ ತೆಂಗಿನ ತೋಟಕ್ಕೆ ಹೋಗಿದ್ದೆವು. ಊಟಕ್ಕೆ ಮುಂಚೆ ಅಕ್ಕ ಗಾಣದ ಎಣ್ಣೆಯಿಂದ ಅಂಗಳದಲ್ಲೇ ಸಾಬೂನು ಮಾಡಿ ತೋರಿಸಿದಳು. ಕಳೆದ ತಿಂಗಳು ಇಲ್ಲಿ ಅದರ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಿಂದಲೇ ಈ ಬಾರಿಯ ಅಂಕಣ ತುಂಬಿದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿದ ನನಗೆ ಇದರಿಂದ ಬಹಳ ಸಂತೋಷವಾಗಿದೆ. ಆದರೆ ಒಂದೆರಡು ಪತ್ರ ಓದಿ ಎದೆ ಝಲ್ಲೆಂದಿತು. ಅವುಗಳಿಂದಲೇ ಶುರು ಮಾಡುತ್ತೇನೆ.

ಮನೆಯವರೆಲ್ಲ ಸೇರಿ ಒಂದು ತೋಟಕ್ಕೆ ಹೋಗಿದ್ದಾಗ ಸಾಬೂನು ಮಾಡುವುದನ್ನು ತೋರಿಸಿದರು. ಅರ್ಧ ಕಿಲೋ ತೆಂಗಿನ ಎಣ್ಣೆಗೆ 87 ಗ್ರಾಂ ಕಾಸ್ಟಿಕ್ ಸೋಡಾ ಎಂದು ಚೀಟಿಯಲ್ಲಿ ಬರೆದುಕೊಂಡು ಬಂದೆ. ತೆಂಗಿನ ಎಣ್ಣೆ ದುಬಾರಿಯೆಂದು ಅರ್ಧ ಲೀಟರ್ ಸೂರ್ಯಕಾಂತಿ ಎಣ್ಣೆ ಹಾಕಿದೆ. ಈಗ ಮೇಲೆಲ್ಲ ಬಿಳಿ ಪುಡಿ ಎದ್ದಿದೆ, ಮುಟ್ಟಿದರೆ ಬೆರಳು ಉರಿಯುತ್ತದೆ. ಒಂದು ತಿಂಗಳು ಬಿಟ್ಟರೆ ಸರಿಹೋಗುತ್ತದೆಯೇ? (ಓದುಗರು, ದಾವಣಗೆರೆ)

ಸರಿಹೋಗುವುದಿಲ್ಲ. ದಯವಿಟ್ಟು ಅದನ್ನು ಮೈಗೆ ಹಚ್ಚಬೇಡಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಕಾಸ್ಟಿಕ್ ಸೋಡಾ ಎಂದರೆ ಎಣ್ಣೆಯನ್ನು ಸಾಬೂನಾಗಿಸುವ, ಚರ್ಮ ಸುಡುವ ಪ್ರಬಲ ಕ್ಷಾರ. ತಿಂಗಳು ಬಿಟ್ಟರೆ ನೀರಿನಂಶ ಆರುತ್ತದೆ, ಅಷ್ಟೆ. ಹೆಚ್ಚಾಗಿ ಬಿದ್ದ ಕಾಸ್ಟಿಕ್‌ಗೆ ಕೂಡಿಕೊಳ್ಳಲು ಎಣ್ಣೆ ಎಲ್ಲಿಂದ ಬರಬೇಕು?

ಲೆಕ್ಕ ಹಾಕೋಣ. ಪೂರ್ತಿಯಾಗಿ ಸಾಬೂನಾಗಲು 100 ಗ್ರಾಂ ತೆಂಗಿನ ಎಣ್ಣೆಗೆ ಸುಮಾರು 18.3 ಗ್ರಾಂ ಕಾಸ್ಟಿಕ್ ಬೇಕು. ಅದೇ 100 ಗ್ರಾಂ ಸೂರ್ಯಕಾಂತಿ ಎಣ್ಣೆಗೆ 13.4 ಗ್ರಾಂ ಸಾಕು. ಇದು ಮೊದಲನೆಯ ವ್ಯತ್ಯಾಸ. ಎರಡನೆಯದು ನಿಮ್ಮ ಪ್ಯಾಕೆಟ್ಟಿನ ಮೇಲೆಯೇ ಅಚ್ಚಾಗಿದೆ: ಒಂದು ಲೀಟರ್ ಎಂದರೆ 910 ಗ್ರಾಂ. ನೀವು ಹಾಕಿದ ಅರ್ಧ ಲೀಟರ್ ಎಣ್ಣೆ 500 ಗ್ರಾಂ ಅಲ್ಲ, 455 ಗ್ರಾಂ. ಅದಕ್ಕೆ ಬೇಕಾದದ್ದು 61 ಗ್ರಾಂ ಸೋಡಾ. ಬಿದ್ದದ್ದು 87. ಮಿಕ್ಕ 26 ಗ್ರಾಂ ಆ ಬಿಲ್ಲೆಗಳೊಳಗೆ ಹಾಗೇ ಕುಳಿತಿದೆ, ನಿಮ್ಮ ಬೆರಳನ್ನು ಸುಟ್ಟದ್ದು ಅದೇ. ತೋಟದವರು ಹೇಳಿದ ಅಳತೆಯಲ್ಲಿ ತಪ್ಪಿರಲಿಲ್ಲ. ಆ ಚೀಟಿ ತೆಂಗಿನ ಎಣ್ಣೆಯದು ಮಾತ್ರ.

ಎಣ್ಣೆಯಿಂದ ಎಣ್ಣೆಗೆ ಇಷ್ಟು ವ್ಯತ್ಯಾಸ ಏಕೆ? ತರಗತಿಯಲ್ಲಿ ನಾನು ಹೀಗೆ ಹೇಳುತ್ತಿದ್ದೆ. ಒಂದು ಕಿಲೋ ಗುಂಡು ಬದನೆಕಾಯಿ ತಂದರೆ ತೊಟ್ಟು ಹತ್ತಿಪ್ಪತ್ತು ಇರುತ್ತವೆ. ಕುಂಬಳಕಾಯಿ ಎರಡು ಕಿಲೋ ತೂಗಿದರೂ ತೊಟ್ಟು ಒಂದೇ. ಕಾಸ್ಟಿಕ್ ಬಂದು ಹಿಡಿಯುವುದು ತೊಟ್ಟನ್ನು. ತೆಂಗಿನ ಎಣ್ಣೆಯ ಕೊಬ್ಬಿನಾಮ್ಲಗಳು ಚಿಕ್ಕವು, ಬದನೆಯ ಹಾಗೆ. ಅದೇ ತೂಕದಲ್ಲಿ ತೊಟ್ಟುಗಳು ಹೆಚ್ಚು, ಸೋಡಾ ಹೆಚ್ಚು ಬೇಕು. ಸೂರ್ಯಕಾಂತಿ, ಶೇಂಗಾ, ಹರಳೆಣ್ಣೆಗಳಲ್ಲಿ ಅವು ಉದ್ದ.

ಕೆಟ್ಟದ್ದನ್ನು ಎಸೆಯಬೇಕಾಗಿಲ್ಲ. ಕೈಗೆ ರಬ್ಬರ್ ಗವಸು, ಕಣ್ಣಿಗೆ ಕನ್ನಡಕ ಹಾಕಿಕೊಂಡು ತುರಿದು, ಸ್ಟೀಲ್ ಪಾತ್ರೆಯಲ್ಲಿ ಸ್ವಲ್ಪ ನೀರಿನೊಂದಿಗೆ ಸಣ್ಣ ಉರಿಯಲ್ಲಿ ಕರಗಿಸಿ, ಇನ್ನೂ 230 ಗ್ರಾಂ ಸೂರ್ಯಕಾಂತಿ ಎಣ್ಣೆ ಸೇರಿಸಿ ಚೆನ್ನಾಗಿ ಕೂಡುವವರೆಗೆ ಮಗುಚಿ. ನೆಲ ಒರೆಸಲು, ಬಟ್ಟೆ ಒಗೆಯಲು ಆಗುತ್ತದೆ. ಸ್ನಾನಕ್ಕೆ ಮಾತ್ರ ಬೇಡ.

ಅಳತೆ, ವಿಧಾನ ಪೂರ್ತಿ ಬರೆಯಿರಿ. ಸಂಕ್ರಾಂತಿಗೆ ತವರಿನಲ್ಲಿ ಎಲ್ಲರೂ ಸೇರುತ್ತೇವೆ, ಮಕ್ಕಳೂ ಇರುತ್ತಾರೆ. (ಓದುಗಿ, ಹಾಸನ)

ಮೊದಲು ಮಕ್ಕಳ ವಿಷಯ. ಕಾಸ್ಟಿಕ್ ಸೋಡಾ ನೀರಿಗೆ ಬೀಳುವ ಹೊತ್ತಿನಲ್ಲಿ ಮಕ್ಕಳು ಅಂಗಳದ ಆಚೆ ತುದಿಯಲ್ಲಿರಬೇಕು. ನನ್ನ ಏಳು ವರ್ಷದ ಮೊಮ್ಮಗ ಆ ದಿನ ಬಹಳ ಹಟ ಮಾಡಿದ. ಅವನನ್ನು ತೆಂಗಿನ ಮರದ ಕಟ್ಟೆಯ ಮೇಲೆ ಕೂರಿಸಿ ಎಣ್ಣೆ ತೂಗುವ ಕೆಲಸ ಕೊಟ್ಟೆವು. ಚಳಿಗೆ ಡಬ್ಬಿಯಲ್ಲಿ ಬೆಣ್ಣೆಯ ಹಾಗೆ ಹೆಪ್ಪುಗಟ್ಟಿದ್ದ ಎಣ್ಣೆಯನ್ನು ಬಿಸಿಲಿಗಿಟ್ಟು, ಅದು ಅಂಚಿನಿಂದ ಕರಗುತ್ತಾ ಬರುವುದನ್ನು ನೋಡುತ್ತಾ ಕುಳಿತ. ತಕ್ಕಡಿಯಲ್ಲಿ ಅಂಕಿ 300 ಬರುವ ತನಕ ಉಸಿರು ಬಿಗಿಹಿಡಿದು ಸುರಿದ. ಆ ಕೆಲಸವನ್ನು ಅವನಷ್ಟು ಚೊಕ್ಕವಾಗಿ ನಾವು ಯಾರೂ ಮಾಡುತ್ತಿರಲಿಲ್ಲ.

ನಮ್ಮ ಅಳತೆ ಇದು: ತೆಂಗಿನ ಎಣ್ಣೆ 300 ಗ್ರಾಂ, ಶೇಂಗಾ ಎಣ್ಣೆ 150, ಹರಳೆಣ್ಣೆ 50. ಕಾಸ್ಟಿಕ್ ಸೋಡಾ 77 ಗ್ರಾಂ, ನೀರು 160 ಗ್ರಾಂ. ಲೆಕ್ಕದ ಪ್ರಕಾರ ಈ ಎಣ್ಣೆಗಳಿಗೆ 81ರಿಂದ 82 ಗ್ರಾಂ ಸೋಡಾ ಹಿಡಿಯುತ್ತದೆ. ಬೇಕೆಂದೇ ಕಡಿಮೆ ಹಾಕುತ್ತೇವೆ, ಸ್ವಲ್ಪ ಎಣ್ಣೆ ಉಳಿದು ಮೈಗೆ ಮೃದುವಾಗಲೆಂದು. ಎಲ್ಲವನ್ನೂ ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಬೇಕು, ನೀರನ್ನೂ ಸಹ. ಲೋಟ, ಚಮಚ, ಕಣ್ಣಂದಾಜು ಯಾವುದೂ ನಡೆಯುವುದಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ನೀರು ಬೆರೆಸಿಕೊಳ್ಳಬಹುದು, ಇಲ್ಲಿ ಹೆಚ್ಚಾದದ್ದು ಚರ್ಮ ಸುಡುತ್ತದೆ.

ಸೋಡಾವನ್ನು ನೀರಿಗೆ ಹಾಕಬೇಕು, ಸ್ವಲ್ಪಸ್ವಲ್ಪವಾಗಿ. ಸೋಡಾದ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಒಲೆಯೇ ಇಲ್ಲದೆ ನೀರು ಕಾಫಿಗಿಂತ ಬಿಸಿಯಾಗುತ್ತದೆ, ಗಂಟಲು ಕೆರೆಯುವ ಆವಿ ಏಳುತ್ತದೆ. ಅದಕ್ಕಾಗಿಯೇ ಅಕ್ಕ ಅಡುಗೆಮನೆ ಬಿಟ್ಟು ಅಂಗಳದಲ್ಲಿ ಮಾಡುವುದು, ಗಾಳಿಗೆ ಬೆನ್ನು ಕೊಟ್ಟು. ಪಾತ್ರೆ ಸ್ಟೀಲಿನದಿರಲಿ. ಅಲ್ಯೂಮಿನಿಯಂ ಖಂಡಿತ ಬೇಡ. ಕೆಲಸಕ್ಕೆ ಸೇರಿದ ಮೊದಲ ವರ್ಷ, ತೊಳೆಯಲೆಂದು ಅಲ್ಯೂಮಿನಿಯಂ ಬೋಗುಣಿಗೆ ಕಾಸ್ಟಿಕ್ ನೀರು ಸುರಿದಿದ್ದೆ. ಅದು ಬುಸುಗುಟ್ಟಿ ನೊರೆಯೆದ್ದು ಬೋಗುಣಿಯ ತಳ ಕಪ್ಪಾಯಿತು. ಆ ನೊರೆಯಲ್ಲಿದ್ದದ್ದು ಜಲಜನಕ, ಹತ್ತಿರದಲ್ಲಿ ಬೆಂಕಿಯಿದ್ದಿದ್ದರೆ ಹೊತ್ತಿಕೊಳ್ಳುತ್ತಿತ್ತು. ಇಂದಿಗೂ ನೆನೆದರೆ ಮೈ ಜುಮ್ಮೆನ್ನುತ್ತದೆ. ಚರಂಡಿ ಶುಚಿ ಮಾಡುವ ಪುಡಿಯನ್ನೂ ಬಳಸಬೇಡಿ, ಕೆಲವದರಲ್ಲಿ ಅಲ್ಯೂಮಿನಿಯಂ ಚೂರುಗಳಿರುತ್ತವೆ.

ಪಾತ್ರೆಯ ಹೊರಮೈ ಮುಟ್ಟಿದರೆ ಬೆಚ್ಚಗೆ ಅನ್ನಿಸುವಷ್ಟು ಆರಿದ ಮೇಲೆ ಕಾಸ್ಟಿಕ್ ನೀರನ್ನು ಎಣ್ಣೆಗೆ ಎರೆದು ಕಡೆಯಬೇಕು. ಅಕ್ಕ ಇದಕ್ಕೆಂದೇ ಒಂದು ಹಳೆಯ ಕಡೆಗೋಲು ಎತ್ತಿಟ್ಟಿದ್ದಾಳೆ, ಅದು ಮತ್ತೆ ಮಜ್ಜಿಗೆಯ ಕಡೆ ಹೋಗುವುದಿಲ್ಲ. ಮೊದಲು ಎಣ್ಣೆ ಮಂಕಾಗುತ್ತದೆ, ಮಜ್ಜಿಗೆಯಂತೆ. ಕಡೆಯುತ್ತಾ ಹೋದಂತೆ ಕೈಗೆ ಭಾರ ಹತ್ತುತ್ತದೆ. ಅರ್ಧ ಗಂಟೆಯ ಹೊತ್ತಿಗೆ ಅಕ್ಕ ಕಡೆಗೋಲು ಮೇಲೆತ್ತಿ, ತೊಟ್ಟಿಕ್ಕುವ ಧಾರೆಯಿಂದ ಮೇಲ್ಮೈ ಮೇಲೆ ಒಂದು ಗೆರೆ ಎಳೆದಳು. ಅದು ಕೂಡಲೇ ಮುಳುಗಿತು. ಇನ್ನೈದು ನಿಮಿಷ ಕಡೆದು ಮತ್ತೆ ಎಳೆದಳು. ಈ ಸಲ ಗೆರೆ, ಕಾವಲಿಯ ಮೇಲೆ ದೋಸೆ ಹಿಟ್ಟಿನ ಸುತ್ತು ನಿಲ್ಲುವ ಹಾಗೆ, ಉಬ್ಬಿ ನಿಂತಿತು. "ಬಂತು" ಎಂದಳು. ಹದ ಎಂದರೆ ಅದೇ. ಅಲ್ಲಿಗೆ ನಿಲ್ಲಿಸಿ ಅಚ್ಚಿಗೆ ಸುರಿಯಬೇಕು. ನಮ್ಮ ಅಚ್ಚು ಒಂದು ಮರದ ಪೆಟ್ಟಿಗೆ, ಒಳಗೆ ಸೀಳಿ ತೊಳೆದು ಹಾಸಿದ ಹಾಲಿನ ಪ್ಯಾಕೆಟ್‌ಗಳು.

ತೆಂಗಿನ ಎಣ್ಣೆ ಹೆಚ್ಚಿರುವ ಸಾಬೂನು ಬೇಗ ಗಟ್ಟಿಯಾಗುತ್ತದೆ. ಒಂದು ದಿನದೊಳಗೆ ಗವಸು ಹಾಕಿಕೊಂಡೇ ಕತ್ತರಿಸಿ, ತಡವಾದರೆ ಚೂರುಚೂರಾಗುತ್ತದೆ. ಆಮೇಲೆ ಗಾಳಿಯಾಡುವ ನೆರಳಿನಲ್ಲಿ ನಾಲ್ಕರಿಂದ ಆರು ವಾರ ಇಡಿ. ಸಂಕ್ರಾಂತಿಗೆ ಮಾಡಿದರೆ ಶಿವರಾತ್ರಿಯ ಆಸುಪಾಸಿಗೆ ಸಿದ್ಧ.

ಕೆಲಸ ಮಾಡುವಾಗ ಪಕ್ಕದಲ್ಲಿ ಒಂದು ಬಕೆಟ್ ನೀರು, ತೆರೆಯಲು ಸಿದ್ಧವಾದ ನಲ್ಲಿ ಇರಲಿ. ಮೈಮೇಲೆ ಬಿದ್ದರೆ ಹರಿಯುವ ನೀರಿನಡಿ ಇಪ್ಪತ್ತು ನಿಮಿಷ ಹಿಡಿಯಿರಿ. ನಿಂಬೆರಸ, ವಿನೆಗರ್ ಹಚ್ಚಬೇಡಿ. ಕಣ್ಣಿಗೆ ಸಿಡಿದರೆ ತೊಳೆಯುತ್ತಲೇ ಆಸ್ಪತ್ರೆಗೆ ಹೊರಡಿ.

ಅರಿಶಿನ ಹಾಕಿದ ಸಾಬೂನು ಇಟ್ಟಿಗೆ ಕೆಂಪಾಯಿತು. ಅರಿಶಿನ ಕಲಬೆರಕೆಯದೇ? (ಓದುಗಿ, ಉಡುಪಿ)

ಅಲ್ಲ, ಅರಿಶಿನ ಅಸಲಿಯೇ. ಆರತಿಯ ಓಕುಳಿ ನೀರಿಗೆ ಅರಿಶಿನದ ಜೊತೆ ಸುಣ್ಣ ಬೆರೆಸಿದಾಗ ಕೆಂಪಾಗುತ್ತದೆಯಲ್ಲ, ಅದೇ ಇದು. ಕ್ಷಾರ ತಾಗಿದರೆ ಅರಿಶಿನ ಕೆಂಪು. ಸೀರೆಯ ಮೇಲಿನ ಹುಳಿಯ ಕಲೆ ಸೋಪು ಹಚ್ಚಿದೊಡನೆ ಕೆಂಪಾಗುವುದೂ ಇದರಿಂದಲೇ. ನಿಮ್ಮ ಸಾಬೂನು ಕೆಲವು ವಾರಗಳಲ್ಲಿ ಕಂದು ಅಥವಾ ಕಿತ್ತಳೆಗೆ ತಿರುಗಬಹುದು.

ಒಬ್ಬರು ಅರಿಶಿನದ ಕಾಗದದಿಂದ ಸಾಬೂನಿನ ಕಾಸ್ಟಿಕ್ ಪರೀಕ್ಷಿಸಬಹುದೇ ಎಂದೂ ಕೇಳಿದ್ದಾರೆ. ಆಗುವುದಿಲ್ಲ. ಒಳ್ಳೆಯ ಸಾಬೂನು ಕೂಡ ಕ್ಷಾರವೇ, ಅದರ ಪಿಎಚ್ (ಹುಳಿ-ಕ್ಷಾರದ ಅಳತೆ, 7 ದಾಟಿದರೆ ಕ್ಷಾರ) 9ರಿಂದ 10 ಇರುತ್ತದೆ, ಕಾಗದ ಎರಡಕ್ಕೂ ಕೆಂಪಾಗುತ್ತದೆ. ಮಕ್ಕಳ ಆಟಕ್ಕೆ ಮಾತ್ರ ಅದಕ್ಕಿಂತ ಒಳ್ಳೆಯದಿಲ್ಲ: ಅರಿಶಿನ ಬಳಿದ ಕಾಗದದ ಮೇಲೆ ಅಂಗಡಿ ಸೋಪಿನ ನೀರಿನಲ್ಲಿ ಹೆಸರು ಬರೆಯಲಿ, ಆಮೇಲೆ ನಿಂಬೆರಸದಿಂದ ಅಳಿಸಲಿ. ಆ ದಿನ ನಮ್ಮ ಮಕ್ಕಳು ತೋಟದ ಮನೆಯ ಹಳೆಯ ಪತ್ರಿಕೆಗಳನ್ನೆಲ್ಲ ಹೀಗೆಯೇ ಮುಗಿಸಿದರು.

ಕಾಸ್ಟಿಕ್ ಇಲ್ಲದ, ರಾಸಾಯನಿಕಮುಕ್ತ ಸಾಬೂನು ಎಂದು ಮಾರುತ್ತಾರೆ. ಅದನ್ನು ಮಾಡುವುದು ಹೇಗೆ? (ಓದುಗರು, ಬೆಂಗಳೂರು)

ಕ್ಷಾರವಿಲ್ಲದೆ ಎಣ್ಣೆ ಸಾಬೂನಾಗುವುದಿಲ್ಲ. ಕರಗಿಸಿ ಅಚ್ಚಿಗೆ ಸುರಿಯುವ ಸೋಪು ಬೇಸ್ ಸಿಗುತ್ತದೆ. ಅದನ್ನು ಕೊಂಡರೆ ನಿಮ್ಮ ಮನೆಯಲ್ಲಿ ಕಾಸ್ಟಿಕ್ ಮುಟ್ಟಬೇಕಾಗಿಲ್ಲ, ನಿಜ. ಆದರೆ ಕಾರ್ಖಾನೆಯಲ್ಲಿ ಬೇರೊಬ್ಬರು ಮುಟ್ಟಿರುತ್ತಾರೆ, ಇಲ್ಲವೇ ಅದು ಬೇರೆಯೇ ಬಗೆಯ ನೊರೆಕಾರಕ. ಚಿಕ್ಕ ಮಕ್ಕಳೊಡನೆ ಮಾಡಲು ಬೇಸ್ ಒಳ್ಳೆಯದು. ಅದಕ್ಕೆ ಸುಳ್ಳು ಹೆಸರು ಅಂಟಿಸುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಸರಿಯಾಗಿ ತೂಗಿ ಮಾಡಿದ ಸಾಬೂನಿನಲ್ಲಿ ಕೊನೆಗೆ ಕಾಸ್ಟಿಕ್ ಉಳಿದಿರುವುದಿಲ್ಲ. ಅದು ಎಣ್ಣೆಯೊಂದಿಗೆ ಕೂಡಿ ಸಾಬೂನೂ ಗ್ಲಿಸರಿನ್ನೂ ಆಗಿಬಿಟ್ಟಿರುತ್ತದೆ. ಇಷ್ಟನ್ನು ಧೈರ್ಯವಾಗಿ ಹೇಳಿದರೆ ಸಾಕು, ಮುಚ್ಚಿಡುವಂಥದ್ದು ಏನೂ ಇಲ್ಲ.

ಅಜ್ಜಿ ಬೂದಿ ನೀರಿನಲ್ಲಿ ಬಟ್ಟೆ ಒಗೆಯುತ್ತಿದ್ದರು. ಅದರಿಂದ ಸಾಬೂನು ಮಾಡಬಹುದೇ? (ಓದುಗಿ, ಶಿರಸಿ)

ಬೂದಿ ನೀರಿನಲ್ಲಿರುವುದು ಮುಖ್ಯವಾಗಿ ಪೊಟ್ಯಾಸಿಯಂ ಕಾರ್ಬೊನೇಟ್. ಸುಣ್ಣ ಸೇರಿಸಿ ಕದಡಿ ತಿಳಿ ಬಸಿದರೆ ಕ್ಷಾರದ ಬಲ ಏರುತ್ತದೆ, ಎಣ್ಣೆಯೊಂದಿಗೆ ಕುದಿಸಿದರೆ ಮೆತ್ತನೆಯ ಸಾಬೂನಾಗುತ್ತದೆ, ಬಿಲ್ಲೆಯಾಗುವುದಿಲ್ಲ. ಒಂದೊಂದು ಒಲೆಯ ಬೂದಿಗೆ ಒಂದೊಂದು ಬಲ, ತೂಕದ ಲೆಕ್ಕ ಸಿಗುವುದಿಲ್ಲ. ಪಾತ್ರೆಗೆ, ಬಟ್ಟೆಗೆ ಸಾಕು. ಅಂಟುವಾಳ, ಸೀಗೆಕಾಯಿಗಳ ನೊರೆ ಬೇರೆ ಜಾತಿಯದು. ಅವು ಗಿಡವೇ ಮಾಡಿಟ್ಟ ನೊರೆ, ಎಣ್ಣೆಯೂ ಬೇಡ, ಕ್ಷಾರವೂ ಬೇಡ.

ನಮ್ಮ ಬೋರ್‌ವೆಲ್ ನೀರಿನಲ್ಲಿ ಮನೆಯ ಸಾಬೂನು ನೊರೆಯನ್ನೇ ಕೊಡುವುದಿಲ್ಲ. (ಓದುಗರು, ಕೋಲಾರ)

ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನನ್ನು ಹಿಡಿದು ಕರಗದ ಜಿಡ್ಡಾಗಿಸುತ್ತವೆ. ಬಕೆಟ್ಟಿನ ಅಂಚಿಗೆ ಅಂಟುವ ಬೂದು ಗೆರೆ ಅದೇ. ತೆಂಗಿನ ಎಣ್ಣೆಯ ಪಾಲು ಹೆಚ್ಚಿಸಿ, ಸೋಡಾ ಲೆಕ್ಕ ಹೊಸದಾಗಿ ಹಾಕಿ. ಕೊನೆಯ ಚೊಂಬು ಮಳೆನೀರಾದರೆ ಇನ್ನೂ ಒಳ್ಳೆಯದು.

ಮೈಸೂರ್ ಸ್ಯಾಂಡಲ್ ಸೋಪಿನಂತೆ ನುಣುಪು, ಪರಿಮಳ ಮನೆಯಲ್ಲಿ ಬರುವುದೇ? (ರಸಾಯನಶಾಸ್ತ್ರ ವಿದ್ಯಾರ್ಥಿನಿ, ಮೈಸೂರು)

ಬರುವುದಿಲ್ಲ, ಅದಕ್ಕಾಗಿ ಬೇಸರಪಡಬೇಡಿ. ಕಾರ್ಖಾನೆಯಲ್ಲಿ ಸಾಬೂನನ್ನು ಒಣಗಿಸಿ, ಉರುಳೆಗಳ ನಡುವೆ ಅರೆದು, ಒತ್ತಿ, ಅಚ್ಚು ಹಾಕುತ್ತಾರೆ. ಆ ನುಣುಪು ಬರುವುದು ಅಲ್ಲಿಂದ. ಶುದ್ಧ ಗಂಧದೆಣ್ಣೆಯ ಬೆಲೆಯೂ ನಮ್ಮ ಕೈಗೆಟುಕದು. ಆ ಸೋಪಿನ ಹಿಂದಿನ ಕಥೆ ನಿಮಗೆ ಇಷ್ಟವಾಗಬಹುದು. ಮೊದಲ ಮಹಾಯುದ್ಧದಿಂದ ನಮ್ಮ ಶ್ರೀಗಂಧದ ರಫ್ತು ನಿಂತು ಮರ ರಾಶಿಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ, ಇಲ್ಲೇ ಎಣ್ಣೆ ತೆಗೆಯುವ ಏರ್ಪಾಡಾಯಿತು. ಸೋಪಿನ ವಿದ್ಯೆ ಕಲಿತು ಬರಲು ಎಸ್.ಜಿ. ಶಾಸ್ತ್ರಿ ಎಂಬ ರಸಾಯನಶಾಸ್ತ್ರಜ್ಞರನ್ನು ಲಂಡನ್ನಿಗೆ ಕಳುಹಿಸಿದರು. 1918ರಲ್ಲಿ ಸೋಪು ಮಾರುಕಟ್ಟೆಗೆ ಬಂತು. ನೀವು ಓದುತ್ತಿರುವ ವಿಷಯವೇ ಅವರದೂ ಆಗಿತ್ತು.

ನಾಲ್ಕು ಸಲ ಚೆನ್ನಾಗಿ ಬಂದಿದೆ. ಮಾರಬಹುದೇ? (ಓದುಗಿ, ಬೆಳಗಾವಿ)

ಅಭಿನಂದನೆಗಳು. ಸ್ನಾನದ ಸಾಬೂನು ಕಾನೂನಿನ ಪ್ರಕಾರ ಸೌಂದರ್ಯವರ್ಧಕ. 2020ರ ಕಾಸ್ಮೆಟಿಕ್ಸ್ ನಿಯಮಗಳಡಿ ಮಾರಾಟಕ್ಕೆ ತಯಾರಿಸಲು ಪರವಾನಗಿ ಬೇಕು, ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಲ್ಲಿ ವಿಚಾರಿಸಿ. ಅಲ್ಲಿಯವರೆಗೆ ನೆಂಟರಿಷ್ಟರಿಗೆ ಕೊಡಿ. ಕೊಡುವಾಗ ಯಾವ ಎಣ್ಣೆ, ಎಷ್ಟು ತೂಕ, ಯಾವ ದಿನ ಮಾಡಿದ್ದು ಎಂದು ಚೀಟಿ ಸುತ್ತಿ ಕೊಡಿ. ನಮ್ಮ ತೋಟದ ಬಿಲ್ಲೆಗಳ ಮೇಲಿನ ಚೀಟಿ ಬರೆದವನು ಮೊಮ್ಮಗ. "ತೆಂಗು 300, ನಾನು ತೂಗಿದ್ದು" ಎಂದು ಪ್ರತಿಯೊಂದರ ಮೇಲೂ ಬರೆದಿದ್ದಾನೆ.